ಹಿಂದಿನ ಇಂಜಿನ್

ಹೊಗೆ ರೈಲು ನೋಡಿಕೊಂಡು ಬರೋಣ ಎಂದು ದೊಡ್ಡಮ್ಮ ಹೇಳಿದಾಗಲೇ ನನಗೆ ಅನುಮಾನ ಬಂತು.

ನಾಗರತ್ನಮ್ಮ ದೊಡ್ಡಮ್ಮ ಅಮ್ಮನ ಅಕ್ಕ. ಮಿಡಿಗೇಶಿ ಹತ್ತಿರದ ಹಳ್ಳಿಯವಳು. ವರ್ಷಕ್ಕೆ ನಾಲ್ಕೈದು ಸಲ ಮಧುಗಿರಿಗೆ, ನಮ್ಮ ಮನೆಗೆ ಬರುತ್ತಾಳೆ. ನಮ್ಮ ಬಾಗಿಲಲ್ಲಿ ನಿಂತರೆ ಎದುರಿಗೇ ಬೆಟ್ಟ. ಎಲ್ಲೆಲ್ಲಿಂದಲೋ ಜನ ಅದನ್ನು ನೋಡಲು ಬರುತ್ತಾರೆ. ದೊಡ್ಡಮ್ಮ ಒಂದು ದಿನವಾದರೂ ಅದನ್ನು ಕತ್ತೆತ್ತಿ ನೋಡಿದವಳಲ್ಲ. ಅಂಥವಳು ಒಂದು ಹಳೇ ಇಂಜಿನ್ ನೋಡಲು ಎರಡು ಗಂಟೆ ಬಸ್ಸಿನಲ್ಲಿ ಕೂತು ಪಾವಗಡದ ತನಕ ಹೋಗುತ್ತಾಳೆ ಎಂದರೆ ಯಾರು ನಂಬುತ್ತಾರೆ?

ರೈಲಿನ ಸುದ್ದಿ ಸುಳ್ಳಲ್ಲ. ಮೊಬೈಲಿನಲ್ಲಿ ಎಲ್ಲರಿಗೂ ಬಂದಿತ್ತು. ಎಷ್ಟೋ ವರ್ಷ ತುಕ್ಕು ಹಿಡಿದು ನಿಂತಿದ್ದ ಉಗಿ ಇಂಜಿನ್ ಒಂದನ್ನು ರಿಪೇರಿ ಮಾಡಿ, ಅದಕ್ಕೆ ಮೂರು ಬೋಗಿ ಕಟ್ಟಿ, ಟಿಕೆಟ್ ಕೊಂಡವರನ್ನು ಕೂರಿಸಿಕೊಂಡು ಭಾನುವಾರ ರಾಯದುರ್ಗದ ಕಡೆಯಿಂದ ಪಾವಗಡ ತಾಲ್ಲೂಕಿನ ಹೊಸ ಸ್ಟೇಷನ್ನಿನವರೆಗೆ ಓಡಿಸುತ್ತಾರೆ, ಅಲ್ಲಿ ಒಂದು ಗಂಟೆ ನಿಂತು ವಾಪಸ್ ಹೋಗುತ್ತದೆ ಎಂದು. ಸುದ್ದಿ ನಿಜವೇ. ಅದನ್ನು ಹೇಳುವಾಗ ದೊಡ್ಡಮ್ಮ ನನ್ನ ಮುಖ ನೋಡದೆ ಅಮ್ಮನ ಮುಖ ನೋಡಿದ್ದು ನನಗೆ ಹಿಡಿಸಲಿಲ್ಲ.

ಹಿಂದೆ ಒಂದು ಸಲ ಮೋಸ ಹೋಗಿದ್ದೆ. ಎರಡು ವರ್ಷದ ಹಿಂದೆ, ಸಿರಾದಲ್ಲಿ ಒಳ್ಳೆಯ ಬಟ್ಟೆ ಸಿಗುತ್ತದೆ ಬಾ ಎಂದು ಇದೇ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಹೋಗಿದ್ದಳು. ಅಂಗಡಿಯಲ್ಲಿ ಎದುರಿನ ಬೆಂಚಿನ ಮೇಲೆ ಒಬ್ಬ ಹೆಂಗಸು, ಅವಳ ಮಗ. ಅವರು ಒಂದು ಕರ್ಚೀಫನ್ನೂ ಕೊಳ್ಳಲಿಲ್ಲ. ನಾನು ಬಟ್ಟೆ ನೋಡುತ್ತಿದ್ದೆ, ಅವರು ನನ್ನನ್ನು ನೋಡುತ್ತಿದ್ದರು. ವಾರದ ಮೇಲೆ ಅವರಿಂದ ಮಾತು ಬಂತು: ಹುಡುಗಿ ಒಂದು ಗಂಟೆಯಲ್ಲಿ ಒಂದು ಸಲವೂ ಬಾಯಿ ಬಿಡಲಿಲ್ಲವಲ್ಲ, ಮೂಗಿಯೇನು ಎಂದು. ಹೆಣ್ಣು ನೋಡಲು ಮನೆಗೆ ಬಂದು ಬೇಡ ಎಂದರೆ ಹೆಸರು ಕೆಡುತ್ತದೆ ಎಂದು ನಮ್ಮಲ್ಲಿ ಈಗ ಹೀಗೆ ಮಾಡುತ್ತಾರೆ. ದೇವಸ್ಥಾನಕ್ಕೆ, ಅಂಗಡಿಗೆ, ಯಾವುದೋ ಮದುವೆಗೆ ಕರೆದುಕೊಂಡು ಹೋಗಿ ಅಲ್ಲಿ ತೋರಿಸುವುದು. ತೋರಿಸಿಕೊಳ್ಳುವವಳಿಗೆ ಮಾತ್ರ ಗೊತ್ತಿರುವುದಿಲ್ಲ.

ನನಗೆ ಮದುವೆ ಬೇಡವೇ ಬೇಡ ಎಂದೇನಲ್ಲ. ನಾನು ಹೋದರೆ ಅಮ್ಮ ಒಬ್ಬಳೇ ಆಗುತ್ತಾಳೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಅಮ್ಮ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದಳು, ನಾನು ಸ್ಕೂಲು ಬಿಟ್ಟು ಮಂಜಮ್ಮನ ಟೈಲರಿಂಗ್ ಅಂಗಡಿಗೆ ಸೇರಿದೆ. ಎಂಟು ವರ್ಷದಿಂದ ಆ ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ನಾಲ್ಕೂವರೆಗೆ ಅವಳು ಎದ್ದು ಹೋಗುವಾಗ ಬಾಗಿಲ ಚಿಲಕ ಹಾಕಿಕೊಳ್ಳುವವಳು ನಾನು. ನಾನಿಲ್ಲದ ಮೇಲೆ ಅವಳು ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಬೇಕು, ಸಂಜೆ ಬಂದು ತಾನೇ ತೆಗೆಯಬೇಕು. ಅದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ. ಈ ಸಲ ಯಾರೇ ನೋಡಲು ಬರಲಿ, ಬಾಯಿ ಬಿಟ್ಟು ಬೇಡ ಎಂದು ಹೇಳಿಬಿಡುವುದು ಎಂದು ನಿರ್ಧರಿಸಿಕೊಂಡೆ.

ಆ ವಾರವೆಲ್ಲ ಕಣ್ಣು ಬಿಟ್ಟುಕೊಂಡೇ ಇದ್ದೆ. ಕಂಡದ್ದೆಲ್ಲ ನನ್ನ ಅನುಮಾನವನ್ನು ಗಟ್ಟಿ ಮಾಡುತ್ತಾ ಹೋಯಿತು. ಬುಧವಾರ ದೊಡ್ಡಮ್ಮ ಜಗುಲಿಯ ಮೇಲೆ ನಿಂತು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದಳು. ಬಾಗಿಲ ಹಿಂದೆ ನಾನಿದ್ದೆ.

"ರೈಲು ನೋಡ್ದಂಗೂ ಆಯ್ತದೆ, ಇದೂ ಆಯ್ತದೆ. ಒಪ್ಪಿದ್ರೆ ಜಾಸ್ತಿ ಜನ ಬ್ಯಾಡ, ನಾವ್ ನಾವೇ ಸೇರ್ಕಂಡು ಸೀರೆ ಉಡ್ಸಿಬುಡಾನ."

ನಾನು ಹಾಕುವುದು ಚೂಡಿದಾರ. ಸೀರೆ ಉಡುವುದು ಯುಗಾದಿಗೆ ಒಂದು ಸಲ, ಅದೂ ಅಮ್ಮ ಬೈದರೆ. ಹೆಣ್ಣು ತೋರಿಸುವಾಗ ಸೀರೆ ಉಡಿಸುತ್ತಾರೆ ಎಂದು ಯಾರಿಗೆ ಗೊತ್ತಿಲ್ಲ? ಮಾರನೇ ದಿನ ಪೆಟ್ಟಿಗೆಯಲ್ಲಿ ಅಮ್ಮನ ಹಸಿರು ರವಿಕೆ ಕಾಣಲಿಲ್ಲ. ಹುಡುಕಿದರೆ ದೊಡ್ಡಮ್ಮನ ಬ್ಯಾಗಿನಲ್ಲಿತ್ತು. ಹೊಲಿಯುವವಳು ಮನೆಯಲ್ಲೇ ಇರುವಾಗ ಅಳತೆ ರವಿಕೆಯನ್ನು ಕದ್ದು ಬೇರೆ ಟೈಲರ್ ಹತ್ತಿರ ಕೊಂಡೊಯ್ಯುವುದೇಕೆ? ಬೀಗರ ಮುಂದೆ ಅಮ್ಮನೂ ಹೊಸ ಬಟ್ಟೆಯಲ್ಲಿ ನಿಲ್ಲಲಿ ಎಂದಿರಬೇಕು ಎಂದುಕೊಂಡೆ. ಶುಕ್ರವಾರ ಅಮ್ಮ ತಲೆಗೆ ಬಣ್ಣ ಹಚ್ಚಿಕೊಂಡಳು. ಎಂಟು ವರ್ಷದಲ್ಲಿ ಅದೇ ಮೊದಲು. ಯಾಕಮ್ಮ ಎಂದು ಕೇಳಿದರೆ ಹಾಸ್ಟೆಲ್ಲಿನ ಹುಡುಗಿಯರು ಕೊಟ್ಟ ಪೊಟ್ಟಣ, ಸುಮ್ಮನೆ ಹಾಳಾಗುತ್ತದೆ ಎಂದಳು. ಸುಳ್ಳು ಹೇಳಿದರೆ ಅಮ್ಮ ಕೈಯಲ್ಲಿ ಏನಿದ್ದರೂ ಅದನ್ನು ಎರಡು ಸಲ ತೊಳೆಯುತ್ತಾಳೆ. ಆ ಬಟ್ಟಲನ್ನು ಮೂರು ಸಲ ತೊಳೆದಳು.

ಭಾನುವಾರ ಬೇಕೆಂದೇ ಹಳೇ ಚೂಡಿದಾರ ಹಾಕಿಕೊಂಡೆ. ಮೊಣಕೈ ಹತ್ತಿರ ಬಣ್ಣ ಹೋದದ್ದು. ಪೌಡರ್ ಹಚ್ಚಲಿಲ್ಲ. ದೊಡ್ಡಮ್ಮ ನೋಡಿ ಬೈಯುತ್ತಾಳೆ, ಆಗ ಗುಟ್ಟು ಹೊರಗೆ ಬರುತ್ತದೆ ಎಂದು ಕಾದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮನ ಸೆರಗಿನ ಪಿನ್ನು ಸರಿಮಾಡುತ್ತಿದ್ದಳು. ಅವಳ ಬ್ಯಾಗಿನಲ್ಲಿ ಬಟ್ಟೆ ಅಂಗಡಿಯ ಕವರ್ ಇತ್ತು. ಬಸ್ಸಿನಲ್ಲಿ ಅವಳು ತೂಕಡಿಸುವಾಗ ಬೆರಳಲ್ಲಿ ಸರಿಸಿ ನೋಡಿದೆ. ಸೀರೆ. ಇಟ್ಟಿಗೆ ಬಣ್ಣ, ಸಣ್ಣ ಕಪ್ಪು ಅಂಚು. ಇಪ್ಪತ್ತೆರಡು ವರ್ಷದವಳಿಗೆ ತರುವ ಬಣ್ಣವೇ ಇದು? ದೊಡ್ಡಮ್ಮನ ರುಚಿಯೇ ಹಾಗೆ ಎಂದು ಬಿಟ್ಟೆ.

ಪಾವಗಡದಲ್ಲಿ ಇಳಿದು, ಆಟೋದಲ್ಲಿ ಏಳು ಜನ ಒತ್ತಿಕೊಂಡು ಸ್ಟೇಷನ್ನಿಗೆ ಹೋದೆವು. ಬಯಲಿನ ನಡುವೆ ಹೊಸ ಹಳದಿ ಕಟ್ಟಡ, ಒಂದು ಉದ್ದನೆಯ ಪ್ಲಾಟ್‌ಫಾರ್ಮು, ನೆರಳಿಗೆ ಒಂದು ಮರವಿಲ್ಲ. ಆದರೂ ಜಾತ್ರೆಯ ಜನ. ಕಡಲೆಕಾಯಿ ಮಾರುವವರು, ಬೋಂಡ ಕರಿಯುವವರು, ಹೆಗಲ ಮೇಲೆ ಮಕ್ಕಳನ್ನು ಹೊತ್ತವರು. ಹಳಿಯ ಪಕ್ಕ ಒಬ್ಬ ಮುದುಕಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕನ್ನಡಕ್ಕಿಂತ ತೆಲುಗೇ ಹೆಚ್ಚು ಕೇಳುತ್ತಿತ್ತು.

ನಾನು ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡತೊಡಗಿದೆ. ಬಿಳಿ ಅಂಗಿ ತೊಟ್ಟು ತಾಯಿಯ ಜೊತೆ ಬಂದಿದ್ದವನೊಬ್ಬ. ಅವನು ಕಡಲೆಕಾಯಿ ಸಿಪ್ಪೆಯನ್ನು ತಾಯಿಯ ಚೀಲಕ್ಕೇ ಹಾಕುತ್ತಿದ್ದ. ಮೊಬೈಲಿನಿಂದ ತಲೆ ಎತ್ತದವನೊಬ್ಬ. ಇನ್ನೊಬ್ಬ ಕ್ಯಾಮೆರಾ ಹಿಡಿದವನು. ಅವನು ಮತ್ತೆ ಮತ್ತೆ ನಮ್ಮ ಕಡೆಗೇ ಕ್ಯಾಮೆರಾ ತಿರುಗಿಸುತ್ತಿದ್ದ. ಇವನೇ ಎಂದುಕೊಂಡೆ. ನೇರವಾಗಿ ನನ್ನ ಹತ್ತಿರವೇ ಬಂದ. ಬೇಡ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು.

"ಸಿಸ್ಟರ್, ಸ್ವಲ್ಪ ಸರಿದು ನಿಂತ್ಕೋತೀರಾ? ಇಂಜಿನ್ ತಿರುವಿನಲ್ಲಿ ಬರೋವಾಗ ನೀವು ಅಡ್ಡ ಬರ್ತೀರಿ."

ಸರಿದು ನಿಂತೆ. ಅವನು ಬೆಂಗಳೂರಿನವನು, ಇಂಥ ಇಂಜಿನ್ನುಗಳ ಬೆನ್ನು ಹತ್ತಿ ಊರೂರು ತಿರುಗುವವನು. ಇದು ಪೂರ್ತಿ ಉಗಿಯಿಂದಲೇ ಓಡುತ್ತದೆ, ಕೊಂಚವೂ ಮೋಸವಿಲ್ಲ ಎಂದು ಕೇಳದೆಯೇ ಹೇಳಿದ. ಕೇಳದೆ ಮೋಸವಿಲ್ಲ ಎಂದರೆ ನನಗೆ ಅದೂ ಅನುಮಾನ.

ಅಷ್ಟರಲ್ಲಿ ನೀಲಿ ಅಂಗಿಯ ಒಬ್ಬ ಗಂಡಸು ಎರಡು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಬಂದ. ಕಂಕುಳಲ್ಲಿ ಸುತ್ತಿದ ಹಸಿರು, ಕೆಂಪು ಬಾವುಟ. ನಲವತ್ತೆಂಟು, ಐವತ್ತರ ವಯಸ್ಸು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಬಣ್ಣ ಹಚ್ಚಿರಲಿಲ್ಲ. ನಮ್ಮ ಕಡೆಯವರು, ತಿಪ್ಪೇರುದ್ರ ಅಂತ, ಇಲ್ಲೇ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮ್ಯಾನ್, ಬಾವುಟ ತೋರಿಸುವುದು, ಬೋಗಿ ಜೋಡಿಸುವುದು ಎಲ್ಲಾ ಇವರದ್ದೇ ಎಂದು ದೊಡ್ಡಮ್ಮ ಹೇಳಿದಳು. ಅವರು ನಮಸ್ಕಾರ ಮಾಡಿ ಕುರ್ಚಿ ಇಟ್ಟರು.

"ಪಾಪ ಕೂತ್ಕಳ್ಳಲಿ, ಬಿಸ್ಲು" ಎಂದರು.

ಆ ಕಡೆಯವರು ಹೆಣ್ಣು ಮಕ್ಕಳನ್ನು ಪಾಪ ಎನ್ನುತ್ತಾರೆ, ಅದು ತೆಲುಗು ಎಂದು ನನಗೆ ಗೊತ್ತು. ಆದರೂ ಅಪ್ಪ ಹೋದಾಗಿನಿಂದ ಎಲ್ಲರ ಬಾಯಲ್ಲೂ ಆ ಮಾತನ್ನು ಬೇರೆ ಅರ್ಥದಲ್ಲಿ ಕೇಳಿ ಕೇಳಿ ಸಾಕಾಗಿತ್ತು. ನಾನು ಕೂರಲಿಲ್ಲ. ಇವರು ಹುಡುಗನ ಸೋದರಮಾವನೋ ಚಿಕ್ಕಪ್ಪನೋ ಇರಬೇಕು, ಹುಡುಗ ಎಲ್ಲೋ ಹಿಂದೆ ನಿಂತಿದ್ದಾನೆ ಎಂದು ಲೆಕ್ಕ ಹಾಕಿದೆ. ಅಮ್ಮ ಕುರ್ಚಿಯಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ಇದ್ದಳು. ಕುಡಿಯುತ್ತಿರಲಿಲ್ಲ.

ಹನ್ನೊಂದೂಕಾಲಿಗೆ ದೂರದಲ್ಲಿ ಹೊಗೆ ಕಾಣಿಸಿತು. ಮೊದಲು ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಎನ್ನುವ ಹಾಗಿತ್ತು. ಆಮೇಲೆ ಆ ಹೊಗೆ ನಡೆಯತೊಡಗಿತು. ಜನ ಎದ್ದರು, ಕೂಗಿದರು. ಇಂಜಿನ್ನಿನ ಕೂಗು ಕೇಳಿತು. ಅದು ಈಗಿನ ರೈಲಿನ ಪೀಂ ಎನ್ನುವ ಕೂಗಲ್ಲ, ಗಂಟಲಿನಿಂದ ಬಂದು ಕೊನೆಯಲ್ಲಿ ಒಡೆಯುವ ಕೂಗು. ತಿರುವಿನಲ್ಲಿ ಇಂಜಿನ್ ಮುಖ ತೋರಿಸಿತು. ಕಪ್ಪು, ದುಂಡನೆಯ ಮೂತಿ, ಮೂತಿಯ ಮೇಲೆ ನಕ್ಷತ್ರ. ಚಕ್ರದ ಪಕ್ಕದ ಕಬ್ಬಿಣದ ತೋಳುಗಳು ಹಿಂದೆ ಮುಂದೆ ಹೋಗುವುದು, ಅಡಿಯಿಂದ ಬಿಳಿ ಉಗಿ ಉಸ್ಸೆಂದು ಪಕ್ಕಕ್ಕೆ ಹಾರುವುದು, ಕಾಲ ಕೆಳಗಿನ ನೆಲ ಅದುರುವುದು. ಬಿಸಿ ಎಣ್ಣೆಯ ವಾಸನೆ ಬಂತು. ಕಪ್ಪು ಮಸಿ ಸಣ್ಣ ಸಣ್ಣ ಚೂರಾಗಿ ಎಲ್ಲರ ಮೇಲೆ ಉದುರಿತು. ಆರತಿಯ ಮುದುಕಿ ತಟ್ಟೆ ಎತ್ತಿದಳು, ದೀಪ ಆರಿಹೋಯಿತು.

ನಾನೂ ನೋಡಬೇಕಿತ್ತು. ಅಂಥದ್ದನ್ನು ಮತ್ತೆ ಯಾವಾಗ ನೋಡುತ್ತೇನೋ. ಆದರೆ ನನಗೆ ಒಂದು ಯೋಚನೆ ಬಂತು. ಇಡೀ ಜನ ಇಂಜಿನ್ ನೋಡುತ್ತಿರುವ ಈ ಹೊತ್ತಿನಲ್ಲಿ ಯಾವನು ಇಂಜಿನ್ ಬಿಟ್ಟು ನನ್ನನ್ನು ನೋಡುತ್ತಾನೋ, ಅವನೇ. ರೈಲಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದೆ.

ಬಿಳಿ ಅಂಗಿಯವನು ಬಾಯಿ ತೆರೆದು ಇಂಜಿನ್ ನೋಡುತ್ತಿದ್ದ. ಮೊಬೈಲಿನವನು ಮೊಬೈಲಿನೊಳಗೇ ಇಂಜಿನ್ ನೋಡುತ್ತಿದ್ದ. ಬೋಂಡ ಕರಿಯುವವನ ಬಾಣಲೆಯಲ್ಲಿ ಬೋಂಡ ಕಪ್ಪಾಗುತ್ತಿತ್ತು. ಅಷ್ಟು ಜನರಲ್ಲಿ ನನ್ನನ್ನು ನೋಡುವವನು ಒಬ್ಬನೂ ಇರಲಿಲ್ಲ.

ನಮ್ಮ ಕಡೆ ನೋಡಿದ್ದು ಒಬ್ಬರೇ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಾವುಟ ಹಿಡಿದು ನಿಂತಿದ್ದ ತಿಪ್ಪೇರುದ್ರ. ಇಂಜಿನ್ ಅವರನ್ನು ದಾಟಿದ ಮೇಲೆ ಅವರ ಕಣ್ಣು ಒಂದು ಗಳಿಗೆ ಈ ಕಡೆಗೆ ಬಂತು. ಬಂದದ್ದು ನನ್ನ ಮೇಲೆ ನಿಲ್ಲಲಿಲ್ಲ. ನನ್ನ ಎಡಕ್ಕೆ ಒಂದು ಮೊಳ ಆಚೆ ನಿಂತಿತು. ಎಡಕ್ಕೆ ಅಮ್ಮ. ಅಮ್ಮನೂ ರೈಲು ನೋಡುತ್ತಿರಲಿಲ್ಲ. ಸೆರಗನ್ನು ಬಿಗಿಹಿಡಿದು ನೆಲ ನೋಡುತ್ತಿದ್ದಳು. ಹೆಣ್ಣು ನೋಡುವಾಗ ಹೆಣ್ಣು ಹೇಗೆ ಕೂರುತ್ತಾಳೋ ಹಾಗೆ.

ಮೂರು ಬೋಗಿ ದಾಟಿದವು. ಅವುಗಳ ಹಿಂದೆ, ಕೊನೆಯಲ್ಲಿ, ಇನ್ನೊಂದು ಇಂಜಿನ್ ಬಂತು. ಈಗಿನ ಕಾಲದ ಡೀಸೆಲ್ ಇಂಜಿನ್. ಹಾರವಿಲ್ಲ, ಹೂವಿಲ್ಲ. ಯಾರೂ ಅದರ ಫೋಟೋ ತೆಗೆಯಲಿಲ್ಲ.

"ನೋಡ್ರಲಾ, ತಳ್ಳೋದು ಇದು, ಹೊಗೆ ಬಿಡೋದು ಅದು" ಎಂದು ಹಿಂದಿನಿಂದ ಒಬ್ಬ ತಾತ ಗೊಣಗಿದ. ಜನ ನಕ್ಕರು.

ರೈಲು ನಿಂತಿತು. ಇಂಜಿನ್ನಿಗೆ ನೀರು ತುಂಬಲು ಟ್ಯಾಂಕರ್ ಬಂತು, ಜನ ಅತ್ತ ಓಡಿದರು. ನಾನು ದೊಡ್ಡಮ್ಮನ ಕೈ ಹಿಡಿದು ಕಟ್ಟಡದ ಹಿಂದಕ್ಕೆ ಎಳೆದುಕೊಂಡು ಹೋದೆ.

"ಸೀರೆ ಯಾರಿಗೆ ಉಡ್ಸೋದು ದೊಡ್ಡಮ್ಮ?"

ದೊಡ್ಡಮ್ಮ ಬ್ಯಾಗನ್ನು ಎದೆಗೆ ಒತ್ತಿಕೊಂಡಳು. "ಕೇಳಿಸ್ಕಂಡ್ಯಾ? ಇನ್ಯಾರಿಗೆ ಕಣಮ್ಮಿ. ನಿಂಗಾದ್ರೆ ಮದ್ವೆ ಅಂತೀವಿ, ಸೀರೆ ಉಡ್ಸೋದು ಅಂತೀವಾ? ಸೀರೆ ಉಡ್ಸೋದು ಗಂಡ ಇಲ್ದೋರಿಗೆ."

ಆ ಮಾತಿನ ಅರ್ಥ ನನಗೆ ತಿಳಿದದ್ದು ಆಗಲೇ. ದೊಡ್ಡಮ್ಮ ಗೋಡೆಗೆ ಒರಗಿ ಬಿಡಿಸಿ ಹೇಳಿದಳು. ಹಿಂದೆಲ್ಲ ನಮ್ಮವರಲ್ಲಿ ಗಂಡ ಸತ್ತವಳನ್ನು ಇನ್ನೊಬ್ಬ ಕೈ ಹಿಡಿದರೆ ಚಪ್ಪರವಿಲ್ಲ, ಓಲಗವಿಲ್ಲ. ನಾಲ್ಕು ಜನ ಹಿರಿಯರ ಮುಂದೆ ಅವನು ಒಂದು ಹೊಸ ಸೀರೆ ಕೊಡುತ್ತಾನೆ, ಅವಳು ಉಟ್ಟು ಬಂದರೆ ಮುಗಿಯಿತು. ದೊಡ್ಡಮ್ಮನ ಅತ್ತೆಗೆ ಹಾಗೇ ಆಗಿತ್ತಂತೆ. ಈಚೆಗೆ ಜನ ನಾಚಿಕೆಪಟ್ಟು ಬಿಟ್ಟರು, ಮಾತು ಮಾತ್ರ ಮುದುಕಿಯರ ಬಾಯಲ್ಲಿ ಉಳಿಯಿತು. ತಿಪ್ಪೇರುದ್ರರ ಹೆಂಡತಿ ಹೋಗಿ ಆರು ವರ್ಷ, ಮಕ್ಕಳಿಲ್ಲ. ಶಿವರಾತ್ರಿಗೆ ಅಮ್ಮ ದೊಡ್ಡಮ್ಮನ ಊರಿಗೆ ಹೋಗಿದ್ದಾಗ ಅಮ್ಮನನ್ನು ನೋಡಿ, ಅವರೇ ಕೇಳಿ ಕಳಿಸಿದರಂತೆ. ಅಮ್ಮ ಆಗಲಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅನು, ಅಂದರೆ ನಾನು, ಮುಖ ಗಂಟು ಹಾಕಿದರೆ ತನಗೆ ಬೇಡ ಎಂದಳಂತೆ.

"ನಿನ್ನ ಕೇಳಾಕೆ ಅವ್ಳಿಗೆ ನಾಚ್ಕೆ, ನಂಗೆ ಭಯ. ಅದ್ಕೇ ಕರ್ಕಂಡ್ ಬಂದೆ. ನೀನೂ ಆ ಮನುಷ್ಯನ್ನ ಒಂದ್ಸಲ ನೋಡು ಅಂತ."

ಅಂದರೆ ನೋಡಲು ಬಂದವಳು ನಾನು. ಅದು ಅರ್ಥವಾಗುವಷ್ಟರಲ್ಲಿ ನನ್ನ ಅನುಮಾನ ದಿಕ್ಕು ಬದಲಿಸಿತ್ತು. ಆರು ವರ್ಷ ಒಂಟಿಯಾಗಿದ್ದವರಿಗೆ ಈಗ ಯಾಕೆ ಬೇಕಾಯಿತು? ಅಡುಗೆಯವಳು ಬೇಕೇ? ಹಾಸ್ಟೆಲ್ಲಿನಲ್ಲಿ ನೂರಿಪ್ಪತ್ತು ಜನಕ್ಕೆ ಬೇಯಿಸಿ ಹಾಕುವ ಅಮ್ಮನನ್ನು ನೋಡಿ ಯಾರಿಗೆ ಬೇಡವಾಗುತ್ತದೆ? ಕುರ್ಚಿ ತಂದುಕೊಟ್ಟ ಮಾತ್ರಕ್ಕೆ ಒಳ್ಳೆಯವರೇ? ನಾನು ಹೋದರೆ ಅಮ್ಮ ಒಂಟಿ ಎಂದು ಇಷ್ಟು ದಿನ ಹೆದರಿದ್ದೆ. ಅಮ್ಮ ಹೋದರೆ ನಾನು ಒಂಟಿ ಎನ್ನುವುದು ಒಂದು ಸಲವೂ ತಲೆಗೆ ಬಂದಿರಲಿಲ್ಲ.

ದೊಡ್ಡಮ್ಮನನ್ನು ಅಲ್ಲೇ ಬಿಟ್ಟು ರೈಲಿನ ಹಿಂದಿನ ತುದಿಗೆ ನಡೆದೆ. ಜನವೆಲ್ಲ ಮುಂದಿತ್ತು. ಹಿಂದಿನ ಇಂಜಿನ್ನಿನ ಹತ್ತಿರ ಅವರೊಬ್ಬರೇ ಬಗ್ಗಿ ಕೊಂಡಿ ನೋಡುತ್ತಿದ್ದರು. ನನ್ನನ್ನು ಕಂಡು ನೆಟ್ಟಗೆ ನಿಂತರು, ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. ನಾನು ಕೇಳಬೇಕೆಂದುಕೊಂಡಿದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು.

"ಎಳೀತಿರೋದು ಯಾವ್ದು? ಅದಾ, ಇದಾ?"

ಅವರು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ಬಯಲಲ್ಲಿ ಮುಂದಿಂದೇ, ಅದೊಂದೇ. ಅದೋ ನೋಡು, ಆ ಏರು ಐತೆ ಚೂಡು, ಅಲ್ಲಿ ಇದು ಒಂಚೂರು ತಳ್ತು. ಟಿಕೆಟ್ ತಗಂಡೋರಿಗೆ ಹೇಳ್ಬ್ಯಾಡ ಪಾಪ, ಬೇಜಾರು ಮಾಡ್ಕಂತಾರೆ."

ಕ್ಯಾಮೆರಾದವನು ಪೂರ್ತಿ ಅದೇ ಎಂದಿದ್ದ, ತಾತ ಪೂರ್ತಿ ಇದೇ ಎಂದಿದ್ದ. ಎರಡೂ ಅಲ್ಲದ್ದನ್ನು ಇವರು ಹೇಳಿದರು. ವಾಪಸ್ ಹೋಗುವಾಗ ಹೇಗೆ ಎಂದು ಕೇಳಿದೆ. ಇಲ್ಲಿ ಇಂಜಿನ್ ತಿರುಗಿಸುವ ಜಾಗವಿಲ್ಲ, ಹಿಂದಿನದೇ ಮುಂದಾಗಿ ಎಳೆದುಕೊಂಡು ಹೋಗುತ್ತದೆ ಎಂದರು. ಅಮ್ಮ ಇಲ್ಲಿಗೇ ಬಂದು ಇರಬೇಕಾ ಎಂದು ಆಮೇಲೆ ಕೇಳಿದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಇಲ್ಲೇ ಕ್ವಾರ್ಟರ್ಸ್ ಕೊಟ್ಟವ್ರೆ, ಎರಡು ರೂಮು. ನಾನು ಕೇಳಿದ್ದು ನಿಮ್ಮಿಬ್ರನ್ನೂ ಸೇರ್ಸಿ" ಎಂದರು. ಬಾವುಟವನ್ನು ಬಿಚ್ಚಿ ಮತ್ತೆ ಸುತ್ತಿದರು. "ಒಂದ್ ಮಾತು ಮೊದ್ಲೇ ಹೇಳ್ಬೇಕು. ಇಲ್ಲಿ ನೀರು ಸರಿಯಿಲ್ಲ. ಬೋರ್ ನೀರಲ್ಲಿ ಬೇಳೆ ಬೇಯಾಕಿಲ್ಲ. ಕುಡಿಯಾಕೆ ಫಿಲ್ಟರ್ ನೀರು ದಿನಾ ಹೊತ್ಕಂಡ್ ಬರ್ಬೇಕು. ನಿಮ್ಮಮ್ಮ ಅಡ್ಗೆ ಮಾಡೋರು, ಅವ್ರಿಗಿದು ಕಷ್ಟ. ನಿಮ್ಮ ದೊಡ್ಡಮ್ಮಂಗೆ ಹೇಳಿದ್ದೆ, ಅವ್ರು ಹೇಳಿರಾಕಿಲ್ಲ."

ಅವರು ಹೇಳಿದ್ದು ಸರಿ. ದೊಡ್ಡಮ್ಮ ಅದನ್ನು ಹೇಳಿರಲಿಲ್ಲ.

ಸಿರಾದ ಅಂಗಡಿಯಲ್ಲಿ ಆ ತಾಯಿ ಮಗ ಏನೇನು ಮುಚ್ಚಿಟ್ಟುಕೊಂಡು ಕೂತಿದ್ದರೋ ನನಗೆ ಗೊತ್ತಿಲ್ಲ. ಹೆಣ್ಣು ಕೇಳಲು ಬಂದವರು ತಮ್ಮ ಊರಿನ ನೀರು ಕೆಟ್ಟದ್ದು ಎಂದು ಹೇಳಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅಲ್ಲಿಂದ ವಾಪಸ್ ಬಂದೆ. ಅಮ್ಮ ಅದೇ ಕುರ್ಚಿಯಲ್ಲಿದ್ದಳು. ಕೆನ್ನೆಯ ಮೇಲೆ ಮಸಿ ಬಿದ್ದಿತ್ತು, ಒರೆಸಿಕೊಂಡಿರಲಿಲ್ಲ. ನಾನು ಎಲ್ಲಿಂದ ಬಂದೆ ಎಂದು ಅವಳಿಗೆ ಕಂಡಿತ್ತು. ನನ್ನ ಮುಖ ನೋಡಲಿಲ್ಲ, ನನ್ನ ಚಪ್ಪಲಿ ನೋಡುತ್ತಾ ಹೇಳಿದಳು.

"ನಿಂಗೆ ಬ್ಯಾಡ ಅಂದ್ರೆ ಬ್ಯಾಡ ಕಣಮ್ಮಿ. ಬಸ್ಸು ಹನ್ನೆರಡೂವರೆಗೆ ಒಂದೈತೆ."

ವಾರವೆಲ್ಲ ಹೇಳಲೆಂದು ಇಟ್ಟುಕೊಂಡಿದ್ದ ಬೇಡ ಎನ್ನುವ ಮಾತು ಇನ್ನೂ ನಾಲಿಗೆಯ ಮೇಲೇ ಇತ್ತು. ಅದನ್ನು ನುಂಗಿದೆ. ದೊಡ್ಡಮ್ಮನ ಬ್ಯಾಗಿನಿಂದ ಕವರನ್ನು ಎಳೆದು ತೆಗೆದೆ. ಇಟ್ಟಿಗೆ ಬಣ್ಣ ಅಮ್ಮನ ಮೈಬಣ್ಣಕ್ಕೆ ಸರಿಯಾಗಿಯೇ ಇತ್ತು. ಸೀರೆಗೆ ಫಾಲ್ ಹಾಕಿರಲಿಲ್ಲ. ಕೆಳಗೆ ಹೊಲಿದ ರವಿಕೆ, ಅದರ ಜೊತೆ ಅಮ್ಮನ ಹಸಿರು ಅಳತೆ ರವಿಕೆ. ಹೊಸದನ್ನು ತಿರುಗಿಸಿ ನೋಡಿದೆ. ಬಲತೋಳು ಒಂದು ಕಡೆ, ಎಡತೋಳು ಇನ್ನೊಂದು ಕಡೆ ಎಳೆದಿತ್ತು.

"ಇದನ್ನ ಯಾರು ಹೊಲ್ದಿದ್ದು? ಫಾಲ್ ಇಲ್ಲ, ತೋಳು ಸೊಟ್ಟ. ಹಿಂಗೇ ಉಡ್ಸಿಬುಡ್ತಿದ್ರಾ? ನಾನೇ ಬಿಚ್ಚಿ ಸರಿ ಮಾಡ್ಬೇಕು."

ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಎಷ್ಟು ದಿನ ಬೇಕು ಎಂದು ಕೇಳಿದಳು. ಫಾಲ್ ಹಾಕಿ, ಎರಡು ತೋಳು ಬಿಚ್ಚಿ ಹೊಲಿಯಲು ನನಗೆ ಒಂದು ಗಂಟೆ ಸಾಕು. ಒಂದು ವಾರ ಎಂದೆ.

"ಒಂದ್ ವಾರನಾ?"

"ಅವ್ಳು ಹೇಳ್ದಂಗೆ ಆಗ್ಲಿ ಬುಡಕ್ಕ" ಎಂದಳು ಅಮ್ಮ. ಆಗ ಕೆನ್ನೆ ಒರೆಸಿಕೊಂಡಳು. ಮಸಿ ಇನ್ನಷ್ಟು ಹರಡಿತು.

ಹನ್ನೆರಡೂಕಾಲಿಗೆ ರೈಲು ಹೊರಟಿತು. ಡೀಸೆಲ್ ಇಂಜಿನ್ ಮುಂದೆ, ಉಗಿ ಇಂಜಿನ್ ಕೊನೆಯಲ್ಲಿ ಹಿಮ್ಮುಖವಾಗಿ. ಜನ ಅದಕ್ಕೇ ಕೈ ಬೀಸಿದರು. ಈ ಸಲ ಅಮ್ಮ ರೈಲು ನೋಡಿದಳು. ನಾನು ಬಾವುಟದ ಕಡೆ ನೋಡಿದೆ. ಹಸಿರು ಬಾವುಟ ಕೊನೆಯ ಚಕ್ರ ದಾಟುವ ತನಕ ಒಂದೇ ಸಮ ಆಡುತ್ತಿತ್ತು. ಆ ಕೈ ಈ ಕಡೆಗೆ ತಿರುಗಲಿಲ್ಲ. ಕೆಲಸದ ಹೊತ್ತಿನಲ್ಲಿ ಕೆಲಸ ಮಾಡುವವರು ಎಂದು ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ.

ಅನುಮಾನ ಪೂರ್ತಿ ಹೋಗಿಲ್ಲ. ಮುಂದಿನ ಭಾನುವಾರದೊಳಗೆ ಒಂದು ದಿನ ನಾನೊಬ್ಬಳೇ ಇಲ್ಲಿಗೆ ಬರಬೇಕು, ಹೇಳದೆ. ಬರುವಾಗ ಒಂದು ಪಾವು ತೊಗರಿಬೇಳೆ ತರಬೇಕು. ಆ ಬೋರ್ ನೀರಿನಲ್ಲಿ ಬೇಯಿಸಿ ನೋಡಬೇಕು.